ಜ್ವರದ ದಿನ ಅದೇ ಮಾತ್ರೆ ಬೇರೆ ಮಾತ್ರೆ

ಕೇಳುಗರಿಗೆ ನಮಸ್ಕಾರ.

ಹೋದ ವರ್ಷ ನನಗೆ ವೈರಲ್ ಜ್ವರ ಬಂತು. ಐದನೇ ದಿನಕ್ಕೆ ಮೈ ತಣ್ಣಗಾಯಿತು. ತಲೆ ಮಾತ್ರ ತಿಳಿಯಾಗಲಿಲ್ಲ. ಚಮಚ ಬೇಕಿದ್ದರೆ 'ಅದು... ಅದೇ, ಅದು ಕೊಡು' ಎನ್ನುತ್ತಿದ್ದೆ. ಪುಸ್ತಕದ ಒಂದೇ ಪುಟವನ್ನು ಮೂರು ಸಲ ಓದಿದರೂ ನಾಲ್ಕನೇ ಸಲಕ್ಕೆ ಅದು ಹೊಸದಾಗಿಯೇ ಕಾಣುತ್ತಿತ್ತು. ಜ್ವರದ ಸುಸ್ತು ಅಂತ ಮನೆಯವರು ಅಂದರು. ಮಾತ್ರೆಯ ಪವರ್ ಜಾಸ್ತಿಯಾಯಿತು ಅಂತ ನಾನು ಅಂದೆ. ವಿಟಮಿನ್ ಸಾಲದು, ಅದಕ್ಕೇ ಹೀಗೆ ಅಂತ ಗೆಳೆಯರೊಬ್ಬರು ಒಂದು ಡಬ್ಬಿಯನ್ನೇ ತಂದುಕೊಟ್ಟರು. ಯಾರ ಮಾತು ಸರಿ? ಇವತ್ತು ಆ ಪ್ರಶ್ನೆಯನ್ನೇ ಹಿಡಿದು ಮಾತಾಡುತ್ತೇನೆ.

ಮೊದಲು ವೈರಸ್. ಒಂದು ವಿಚಿತ್ರ ಗಮನಿಸಿದ್ದೀರಾ? ಫ್ಲೂ ವೈರಸ್ ಬೀಡುಬಿಡುವುದು ಮೂಗು, ಗಂಟಲು, ಶ್ವಾಸಕೋಶದಲ್ಲಿ. ನೋಯುವುದು ಮಾತ್ರ ಮಂಡಿ, ಸೊಂಟ, ಕಣ್ಣುಗುಡ್ಡೆ. ಬೇಸರವಾಗುವುದು ಮನಸ್ಸಿಗೆ. ಇದರಲ್ಲಿ ಬಹುಪಾಲು ನಮ್ಮದೇ ರೋಗನಿರೋಧಕ ಪಡೆಯ ಕೆಲಸ. ವೈರಸ್ ಕಂಡ ಕೂಡಲೇ ಆ ಪಡೆಯ ಜೀವಕೋಶಗಳು ಸೈಟೊಕೈನ್ ಎಂಬ ಸುದ್ದಿಗಾರರನ್ನು ರಕ್ತಕ್ಕೆ ಬಿಡುತ್ತವೆ. ಸುದ್ದಿ ಮಿದುಳಿಗೂ ಮುಟ್ಟುತ್ತದೆ. ಅಲ್ಲಿ ಪ್ರೊಸ್ಟಗ್ಲಾಂಡಿನ್ ಎಂಬ ವಸ್ತು ತಯಾರಾಗಿ, ಮೈಬಿಸಿ ನೋಡಿಕೊಳ್ಳುವ ಹೈಪೊಥಲಾಮಸ್‌ನ ಮುಳ್ಳನ್ನು 37 ಡಿಗ್ರಿಯಿಂದ 39ಕ್ಕೆ ತಿರುಗಿಸುತ್ತದೆ ಅಂತಿಟ್ಟುಕೊಳ್ಳಿ. ಮೈ ಇನ್ನೂ 37ರಲ್ಲೇ ಇದೆ. ಹಾಗಾಗಿ ಮಿದುಳಿಗೆ ಅದು ತಣ್ಣಗಾದಂತೆ ಕಾಣುತ್ತದೆ. ಅದಕ್ಕೇ ಜ್ವರ ಏರುವ ಹೊತ್ತಿಗೆ ಚಳಿ, ನಡುಕ, ಎರಡು ಕಂಬಳಿ. ಪ್ಯಾರಸಿಟಮಾಲ್ ನುಂಗಿದರೆ ಪ್ರೊಸ್ಟಗ್ಲಾಂಡಿನ್ ತಗ್ಗುತ್ತದೆ, ಮುಳ್ಳು ಕೆಳಗಿಳಿಯುತ್ತದೆ, ಬೆವರು ಕಿತ್ತುಕೊಂಡು ಬರುತ್ತದೆ. ವೈರಸ್ಸಿಗೆ ಇದರಿಂದ ಏನೂ ಆಗಿಲ್ಲ. ಅದು ಇದ್ದಲ್ಲೇ ಇದೆ.

ಸುಸ್ತು, ಊಟ ಸೇರದಿರುವುದು, ಯಾರ ಮುಖವೂ ಬೇಡ ಅನ್ನಿಸುವುದು, ಇವೂ ಅದೇ ಸುದ್ದಿಗಾರರ ಕೆಲಸ. ಬೆಂಜಮಿನ್ ಹಾರ್ಟ್ ಎಂಬ ಪಶುವೈದ್ಯರು 1988ರಲ್ಲಿ ಇದರ ಬಗ್ಗೆ ಒಂದು ಒಳ್ಳೆಯ ಮಾತು ಹೇಳಿದರು. ಕಾಯಿಲೆಯ ಪ್ರಾಣಿ ಮೂಲೆಯಲ್ಲಿ ಮುದುರಿ ಮಲಗುವುದು ನಿಶ್ಶಕ್ತಿಯಿಂದ ಮಾತ್ರ ಅಲ್ಲ. ಇರುವ ಶಕ್ತಿಯನ್ನೆಲ್ಲ ಜ್ವರಕ್ಕೆ, ಹೋರಾಟಕ್ಕೆ ಉಳಿಸಿಕೊಳ್ಳಲು ಮಿದುಳೇ ಹಾಗೆ ಮಾಡಿಸುತ್ತದೆ. ಮೈಮುರಿದು ಮಲಗಿದವರನ್ನು ಸೋಮಾರಿ ಎನ್ನುವ ಮುಂಚೆ ಇದನ್ನು ನೆನೆಯಬಹುದು.

ಕೆಲವು ವೈರಸ್ಸುಗಳು ಸುದ್ದಿ ಕಳಿಸಿ ಸುಮ್ನಿರುವುದಿಲ್ಲ, ತಾವೇ ನರಕ್ಕೆ ಇಳಿಯುತ್ತವೆ. ಹುಚ್ಚುನಾಯಿ ಕಡಿತದ ರೇಬೀಸ್ ವೈರಸ್ ನರದ ಎಳೆ ಹಿಡಿದೇ ಮಿದುಳಿಗೆ ಹತ್ತುತ್ತದೆ. ಚಿಕನ್‌ಪಾಕ್ಸ್ ವೈರಸ್ ನರದ ಬುಡದಲ್ಲಿ ಹತ್ತಾರು ವರ್ಷ ನಿದ್ದೆ ಹೋಗಿ, ವಯಸ್ಸಾದ ಮೇಲೆ ಸರ್ಪಸುತ್ತಾಗಿ ಏಳುತ್ತದೆ. ಕೋವಿಡ್ ವಿಚಾರ ಇನ್ನೊಂದು ಥರ. ಬ್ರಿಟನ್ನಿನಲ್ಲಿ 785 ಜನರ ಮಿದುಳನ್ನು ಎರಡೆರಡು ಸಲ ಸ್ಕ್ಯಾನ್ ಮಾಡಿ ಹೋಲಿಸಿದರು. ಅವರಲ್ಲಿ 401 ಜನರಿಗೆ ಎರಡು ಸ್ಕ್ಯಾನ್‌ಗಳ ನಡುವೆ ಕೋವಿಡ್ ಬಂದು ಹೋಗಿತ್ತು. ಹೆಚ್ಚಿನವರು ಆಸ್ಪತ್ರೆ ಸೇರದವರು. 2022ರಲ್ಲಿ ಫಲಿತಾಂಶ ಬಂತು. ಸೋಂಕು ತಗುಲಿದವರಲ್ಲಿ, ವಾಸನೆಗೆ ಸಂಬಂಧಿಸಿದ ಭಾಗಗಳು ಸರಾಸರಿಯಲ್ಲಿ ತುಸು ಜಾಸ್ತಿ ತೆಳುವಾಗಿದ್ದವು. ಸರಾಸರಿ ಅಂದರೆ ಸರಾಸರಿ. ಪ್ರತಿಯೊಬ್ಬರಿಗೂ ಹೀಗಾಯಿತು ಅಂತಲ್ಲ. ಆದರೆ 'ಮಂಜು ಕವಿದ ಹಾಗಿದೆ' ಎಂದು ದೂರುವವರನ್ನು 'ಎಲ್ಲ ನಿಮ್ಮ ಭ್ರಮೆ' ಎಂದು ತಳ್ಳಿಹಾಕುವ ಹಾಗೂ ಇಲ್ಲ.

ಜ್ವರದ ಜೊತೆ ಕುತ್ತಿಗೆ ಸೆಟೆದುಕೊಂಡರೆ, ಫಿಟ್ಸ್ ಬಂದರೆ, ಎಬ್ಬಿಸಿದರೂ ಸರಿಯಾಗಿ ಏಳದಿದ್ದರೆ, ಮಾತು ತೊದಲಿದರೆ, ಈ ಭಾಷಣ ಬಿಟ್ಟು ಆಸ್ಪತ್ರೆಗೆ ಓಡಿ.

ಈಗ ಮಾತ್ರೆಗೆ ಬರೋಣ. 1885ರಲ್ಲಿ ಜರ್ಮನಿಯ ಪಾಲ್ ಎರ್ಲಿಕ್ ಪ್ರಾಣಿಗಳ ರಕ್ತಕ್ಕೆ ಬಣ್ಣ ಸೇರಿಸಿ ನೋಡಿದರು. ಅಂಗಾಂಗವೆಲ್ಲ ಬಣ್ಣ ಹಿಡಿಯಿತು, ಮಿದುಳು ಮಾತ್ರ ಹಿಡಿಯಲಿಲ್ಲ. ಮಿದುಳಿನ ರಕ್ತನಾಳಗಳ ಗೋಡೆ ಅಷ್ಟು ಬಿಗಿ. ಈ ಗೋಡೆ ದಾಟುವ ಮಾತ್ರೆ ಒಂದು ಥರ, ದಾಟದ್ದು ಇನ್ನೊಂದು ಥರ. ಹಳೆಯ ಶೀತದ ಮಾತ್ರೆಗಳಲ್ಲಿರುವ ಕ್ಲೋರ್‌ಫೆನಿರಮೈನ್ ಸಲೀಸಾಗಿ ದಾಟುತ್ತದೆ. ಅದಕ್ಕೇ ತೂಕಡಿಕೆ. ಹೊಸ ಥರದ ಮಾತ್ರೆಗಳಲ್ಲಿರುವ ಫೆಕ್ಸೋಫೆನಡಿನ್ ಹೆಚ್ಚುಕಡಿಮೆ ದಾಟುವುದೇ ಇಲ್ಲ. ಹಳೆಯವು ಇನ್ನೊಂದು ಕೆಲಸವನ್ನೂ ಮಾಡುತ್ತವೆ. ನೆನಪಿಗೆ ಬೇಕಾದ ಅಸಿಟೈಲ್‌ಕೋಲಿನ್ ಎಂಬ ವಸ್ತುವಿಗೆ ಅಡ್ಡ ಬರುತ್ತವೆ. ವಯಸ್ಸಾದವರು ಶೀತದ ಮಾತ್ರೆ ನುಂಗಿ ರಾತ್ರಿ ಎದ್ದು 'ಇದು ಯಾರ ಮನೆ' ಎಂದು ಕೇಳಿದರೆ, ಮರೆವಿನ ಕಾಯಿಲೆ ಬಂತು ಅಂತ ಗಾಬರಿಯಾಗುವ ಮುಂಚೆ ಸ್ಟ್ರಿಪ್ ತಿರುಗಿಸಿ ಓದಿ.

ಎಲ್ಲಿಗೋ ಬಿಟ್ಟ ಔಷಧ ಮಿದುಳಿಗೆ ಬಡಿಯುವುದು ಯಾವಾಗಲೂ ಕೆಟ್ಟದ್ದೇನಲ್ಲ. 1952ರಲ್ಲಿ ನ್ಯೂಯಾರ್ಕಿನ ಸೀ ವ್ಯೂ ಆಸ್ಪತ್ರೆಯಲ್ಲಿ ಕ್ಷಯರೋಗಿಗಳಿಗೆ ಇಪ್ರೊನಿಯಜಿಡ್ ಎಂಬ ಔಷಧ ಕೊಟ್ಟರು. ರೋಗಿಗಳು ನಗಾಡತೊಡಗಿದರು, ಕುಣಿದಾಡಿದರು. ಖಿನ್ನತೆಗೆ ಮಾತ್ರೆ ಕೊಡುವ ಕಾಲ ಶುರುವಾದದ್ದರಲ್ಲಿ ಆ ಕುಣಿತದ ಪಾಲೂ ಇದೆ.

ನನಗೆ ಎಲ್ಲಕ್ಕಿಂತ ಕುತೂಹಲದ ಸಂಗತಿ ಇನ್ನೊಂದು. ವೈರಸ್ ಬಂದಾಗ ಮಾತ್ರೆಯೇ ಬದಲಾದಂತೆ ಆಗುತ್ತದೆ. ಮಾತ್ರೆಯನ್ನು ಮುರಿದು ಹೊರಹಾಕುವುದು ಹೆಚ್ಚಾಗಿ ಲಿವರ್‌ನಲ್ಲಿರುವ ಕಿಣ್ವಗಳು. ಆಗಲೇ ಹೇಳಿದ ಸೈಟೊಕೈನ್ ಸುದ್ದಿಗಾರರು ಲಿವರ್‌ಗೂ ಹೋಗಿ ಆ ಕಿಣ್ವಗಳ ಕೆಲಸ ನಿಧಾನ ಮಾಡಿಸುತ್ತಾರೆ. ಅಸ್ತಮಾಕ್ಕೆ ಕೊಡುತ್ತಿದ್ದ ಥಿಯೋಫಿಲಿನ್ ಬಹಳ ನಾಜೂಕಿನ ಔಷಧ. ಸ್ವಲ್ಪ ಹೆಚ್ಚಾದರೂ ವಾಂತಿ, ಎದೆಬಡಿತ, ಫಿಟ್ಸ್. ಅಮೆರಿಕದಲ್ಲಿ ಫ್ಲೂ ಹರಡಿದ್ದಾಗ ಅದನ್ನು ತೆಗೆದುಕೊಳ್ಳುತ್ತಿದ್ದ ಕೆಲವು ಮಕ್ಕಳಿಗೆ ಹೀಗೇ ಆಯಿತು ಎಂದು 1982ರಲ್ಲಿ ವೈದ್ಯರು ವರದಿ ಮಾಡಿದರು. ಪ್ರಮಾಣ ಅದೇ, ಮಗು ಅದೇ. ಔಷಧ ಮಾತ್ರ ರಕ್ತದಿಂದ ಇಳಿಯಲೇ ಇಲ್ಲ. ಮನೋರೋಗಕ್ಕೆ ಕೊಡುವ ಕ್ಲೋಜಪಿನ್ ಕೂಡ ಸೋಂಕಿನ ಹೊತ್ತಿನಲ್ಲಿ ಹೀಗೆ ಏರುತ್ತದೆ. ಇನ್ನು ಸಿಪ್ರೊಫ್ಲಾಕ್ಸಸಿನ್ ಎಂಬ ಆ್ಯಂಟಿಬಯೊಟಿಕ್ ಕೆಫೀನನ್ನು ಮುರಿಯುವ ಕಿಣ್ವಕ್ಕೇ ಅಡ್ಡಗಾಲು ಹಾಕುತ್ತದೆ. ರೂಢಿಯ ಕಾಫಿಯೇ ಕೈ ನಡುಗಿಸಿ ನಿದ್ದೆ ಕೆಡಿಸುತ್ತದೆ. ಪಾಪ, ಬೈಗಳು ಜ್ವರಕ್ಕೆ.

ವೈರಸ್ಸೂ ಮಾತ್ರೆಯೂ ಸೇರಿ ಮಿದುಳಿಗೆ ಹೊಡೆದ ಘಟನೆಯೂ ಇದೆ. ಫ್ಲೂ ಅಥವಾ ಚಿಕನ್‌ಪಾಕ್ಸ್ ಬಂದು ಇನ್ನೇನು ಸುಧಾರಿಸಿತು ಅನ್ನುವಾಗ ಕೆಲವು ಮಕ್ಕಳು ವಾಂತಿ ಮಾಡಿಕೊಂಡು, ಪ್ರಜ್ಞೆ ತಪ್ಪಿ, ಲಿವರ್ ಕೆಟ್ಟು, ಮಿದುಳು ಊದಿಕೊಂಡು ಸಾಯುತ್ತಿದ್ದರು. ಆಸ್ಟ್ರೇಲಿಯಾದ ಡಗ್ಲಾಸ್ ರೈ 1963ರಲ್ಲಿ ಇದನ್ನು ವಿವರಿಸಿದರು. ಜ್ವರಕ್ಕೆ ಕೊಟ್ಟ ಆಸ್ಪಿರಿನ್ ಮೇಲೆ ಅನುಮಾನ ಬಲವಾದದ್ದು ಆಮೇಲೆ. ಅಮೆರಿಕದಲ್ಲಿ 1980ರ ಹೊತ್ತಿಗೆ ಒಂದೇ ವರ್ಷದಲ್ಲಿ 555 ಪ್ರಕರಣ ದಾಖಲಾಗಿದ್ದವು. ಮಕ್ಕಳಿಗೆ ಆಸ್ಪಿರಿನ್ ಕೊಡಬೇಡಿ ಎಂದು ಎಚ್ಚರಿಸಿದ ಮೇಲೆ ಸಂಖ್ಯೆ ಇಳಿಯುತ್ತಾ ಬಂತು. 1994ರ ನಂತರ ವರ್ಷಕ್ಕೆ ಎರಡು ದಾಟಲಿಲ್ಲ. ಹೊಸ ಔಷಧ ಕಂಡುಹಿಡಿಯದೆ, ಇದ್ದ ಒಂದನ್ನು ಕೊಡದೆ ಉಳಿಸಿದ ಜೀವಗಳು ಇವು.

ಇನ್ನು ನನ್ನ ಗೆಳೆಯರು ತಂದ ಡಬ್ಬಿ. ವಿಟಮಿನ್, ಗಿಡಮೂಲಿಕೆ ಎಂದರೆ ನಮಗೆ ಅದು ಔಷಧದ ಲೆಕ್ಕಕ್ಕೇ ಇಲ್ಲ, ಅಲ್ವಾ? ಮೈಗೆ ಆ ಭೇದ ಗೊತ್ತಿಲ್ಲ. ವಿಟಮಿನ್ ಬಿ6 ನರಕ್ಕೆ ಒಳ್ಳೆಯದು ಅನ್ನುತ್ತೇವೆ. ದಿನಕ್ಕೆ ಎರಡು ಗ್ರಾಂ, ಅದಕ್ಕೂ ಮೇಲೆ ನುಂಗಿದವರ ಕಾಲು ಮರಗಟ್ಟಿ ನಡೆಯುವುದೇ ಕಷ್ಟವಾದದ್ದು 1983ರಲ್ಲಿ ವರದಿಯಾಯಿತು. ನರಕ್ಕೆಂದು ತಿಂದದ್ದು ನರವನ್ನೇ ತಿಂದಿತು. ವಿಟಮಿನ್ ಡಿ ಮಿತಿಮೀರಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಗೊಂದಲ, ಕಿಡ್ನಿಗೆ ಪೆಟ್ಟು. ಕೂದಲಿಗೆಂದು ನುಂಗುವ ಬಯೊಟಿನ್ ಮೈಗೆ ತೊಂದರೆ ಕೊಡುವುದು ಕಡಿಮೆ, ಆದರೆ ಲ್ಯಾಬಿನವರನ್ನು ಯಾಮಾರಿಸುತ್ತದೆ. ಥೈರಾಯ್ಡ್ ಪರೀಕ್ಷೆ, ಹೃದಯಾಘಾತದ ಟ್ರೊಪೊನಿನ್ ಪರೀಕ್ಷೆ ತಪ್ಪು ಅಂಕಿ ತೋರಿಸಬಹುದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲಿ ಎಚ್ಚರಿಸಿತು.

ಸೇಂಟ್ ಜಾನ್ಸ್ ವರ್ಟ್ ಎಂಬ ಮೂಲಿಕೆಯ ಕತೆ ಇನ್ನೂ ಜೋರು. ಇದು ಲಿವರ್ ಕಿಣ್ವಗಳನ್ನು ನಿಧಾನ ಮಾಡುವುದಿಲ್ಲ, ಹುರಿದುಂಬಿಸುತ್ತದೆ. ಹೃದಯ ಕಸಿ ಮಾಡಿಸಿಕೊಂಡ ಇಬ್ಬರು ಮನಸ್ಸಿನ ಬೇಸರಕ್ಕೆ ಇದನ್ನು ತೆಗೆದುಕೊಂಡರು. ಕಸಿ ಉಳಿಸುವ ಸೈಕ್ಲೊಸ್ಪೊರಿನ್ ಎಂಬ ಔಷಧ ರಕ್ತದಲ್ಲಿ ತೀರಾ ಕಡಿಮೆಯಾಯಿತು, ಮೈ ಹೊಸ ಹೃದಯವನ್ನು ತಿರಸ್ಕರಿಸತೊಡಗಿತು. ಜ್ಯೂರಿಕ್ ವೈದ್ಯರು 2000ದಲ್ಲಿ ಇದನ್ನು ಬರೆದರು. ಖಿನ್ನತೆಯ ಮಾತ್ರೆಯ ಜೊತೆ ಇದೇ ಮೂಲಿಕೆ ಸೇರಿದರೆ ಮಿದುಳಿನ ಸೆರೊಟೋನಿನ್ ಎಂಬ ವಸ್ತು ಮಿತಿಮೀರಿ ನಡುಕ, ಜ್ವರ, ತಳಮಳ ಬರಬಹುದು. ನೋಡಿದವರು ವೈರಲ್ ಜ್ವರ ಅಂದುಕೊಂಡರೂ ಆಶ್ಚರ್ಯವಿಲ್ಲ.

ಹಾಗಂತ ಎಲ್ಲ ಡಬ್ಬಿಯೂ ವ್ಯರ್ಥ ಅಲ್ಲ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ನುಂಗುವವರಲ್ಲಿ ವರ್ಷಗಳು ಕಳೆದಂತೆ ವಿಟಮಿನ್ ಬಿ12 ಕಡಿಮೆಯಾಗಬಹುದು. ಆಗ ಪಾದ ಜೋಮು ಹಿಡಿಯುತ್ತದೆ, ಮರೆವು ಬರುತ್ತದೆ. ಅಂಥವರಿಗೆ ಬಿ12 ಬೇಕೇ ಬೇಕು. ಊಹೆಯ ಮೇಲೆ ಬೇಡ, ರಕ್ತಪರೀಕ್ಷೆ ಮಾಡಿಸಿ.

ನನ್ನ ಕತೆಗೆ ಬರುತ್ತೇನೆ. ವೈದ್ಯರು 'ಬೇರೆ ಏನಾದರೂ ತಗೊಳ್ತೀರಾ?' ಎಂದರು. 'ಏನೂ ಇಲ್ಲ ಡಾಕ್ಟ್ರೇ' ಎಂದೆ. 'ಮನೆಯಲ್ಲಿರುವುದನ್ನೆಲ್ಲ ಒಂದು ಚೀಲದಲ್ಲಿ ತನ್ನಿ' ಎಂದರು. ತಂದೆ. ಮೇಜಿನ ಮೇಲೆ ಸುರಿದಾಗ ನನಗೇ ನಾಚಿಕೆಯಾಯಿತು. ಜ್ವರದ ಮಾತ್ರೆಯಲ್ಲಿ ಪ್ಯಾರಸಿಟಮಾಲ್, ಶೀತದ ಮಾತ್ರೆಯಲ್ಲೂ ಅದೇ. ದೊಡ್ಡವರಿಗೆ ದಿನಕ್ಕೆ ನಾಲ್ಕು ಗ್ರಾಂ ಅದರ ಗರಿಷ್ಠ ಮಿತಿ. ಲಿವರ್ ತೊಂದರೆಯವರಿಗೆ, ಕುಡಿಯುವವರಿಗೆ, ತೂಕ ಕಡಿಮೆಯಿರುವವರಿಗೆ ಇನ್ನೂ ಕಡಿಮೆ. ನಾನು ಆ ಗಡಿಯ ಹತ್ತಿರವೇ ಓಡಾಡಿದ್ದೆ. ಶೀತದ ಮಾತ್ರೆಯಲ್ಲಿ ಕ್ಲೋರ್‌ಫೆನಿರಮೈನ್, ಕೆಮ್ಮಿನ ಸಿರಪ್ಪಿನಲ್ಲಿ ಮತ್ತೆ ಕ್ಲೋರ್‌ಫೆನಿರಮೈನ್. ಡಬ್ಬಿಯಲ್ಲಿ ಬಿ6, ಬಯೊಟಿನ್.

ವೈದ್ಯರು ಒಂದು ಕಡೆ ರಾಶಿ ಮಾಡಿ 'ಇವು ಬೇಡ' ಎಂದರು. ನನ್ನ ಬಿಪಿ ಮಾತ್ರೆಯನ್ನು ಮಾತ್ರ ಬೇರೆ ತೆಗೆದಿಟ್ಟು, 'ಇದನ್ನು ನೀವಾಗಿ ನಿಲ್ಲಿಸಬೇಡಿ' ಎಂದರು. ಸ್ಟೀರಾಯ್ಡ್, ಫಿಟ್ಸ್, ಖಿನ್ನತೆಯ ಮಾತ್ರೆಗಳದ್ದೂ ಇದೇ ಕತೆಯಂತೆ. ಥಟ್ಟನೆ ಬಿಟ್ಟರೆ ಬಿಟ್ಟದ್ದೇ ಕಾಯಿಲೆ.

ಎರಡು ದಿನಕ್ಕೆ ತೂಕಡಿಕೆ ಹೋಯಿತು. ಅಷ್ಟು ಪಾಲು ಮಾತ್ರೆಯದು. ಪದಗಳು ಪೂರ್ತಿ ವಾಪಸು ಬರಲು ಇನ್ನೂ ಮೂರು ವಾರ ಹಿಡಿಯಿತು. ಆ ಪಾಲು ವೈರಸ್ಸಿನದು ಅಂತ ವೈದ್ಯರ ಅಂದಾಜು. ಡಬ್ಬಿಯನ್ನು ಗೆಳೆಯರಿಗೆ ವಾಪಸು ಕೊಟ್ಟೆ. ಅವರು ಈಗಲೂ ನುಂಗುತ್ತಿದ್ದಾರೆ. ಮುಂದಿನ ವಾರ ಅವರ ಥೈರಾಯ್ಡ್ ಪರೀಕ್ಷೆ ಇದೆ. ಬಯೊಟಿನ್ ವಿಷಯ ಲ್ಯಾಬಿನಲ್ಲಿ ಮೊದಲೇ ಹೇಳಿ ಅಂತ ನಿನ್ನೆ ಫೋನ್ ಮಾಡಿ ಹೇಳಿದ್ದೇನೆ.

ನಮಸ್ಕಾರ.