ಒದ್ದ ಕಾಲಿಗೆ ಮತ್ತೆ ಬೂಟು ತೊಡಿಸಬೇಕಾ?

ಎಲ್ಲರಿಗೂ ನಮಸ್ಕಾರ. ಮೋಡ ಕಟ್ಟಿದೆ, ಮೆಟ್ರೊ ತುಂಬಿದೆ, ಆದರೂ ಭಾನುವಾರ ಸಂಜೆ ಇಷ್ಟು ಜನ ಜಯನಗರಕ್ಕೆ ಬಂದಿದ್ದೀರಿ. ನಾನು ಭಾಷಣಕಾರನಲ್ಲ. ಇಪ್ಪತ್ತೆಂಟು ವರ್ಷ ಪಿ.ಟಿ. ಮೇಷ್ಟ್ರಾಗಿದ್ದವನು. ಸೀಟಿ ಊದಿ ಅಭ್ಯಾಸ. ದನಿ ಜೋರಾದರೆ ಬೇಜಾರು ಮಾಡ್ಕೋಬೇಡಿ.

ಪ್ರಾಣಿಗಳನ್ನು ಹಿಂಸಿಸಿ ಹೆಸರು ಕೆಡಿಸಿಕೊಂಡ ಆಟಗಾರರಿಗೆ ಎರಡನೇ ಅವಕಾಶ ಕೊಡಬೇಕಾ, ಇದರ ಬಗ್ಗೆ ಮಾತಾಡಿ ಎಂದರು. ಮನೆಯಲ್ಲಿ ಹೇಳಿದೆ. ನನ್ನ ಹೆಂಡತಿ ಪಲ್ಯಕ್ಕೆ ಬೀನ್ಸ್ ಮುರಿಯುತ್ತಾ, "ಕೊಡೋರು ಯಾರು? ನೀವಾ, ನಾಯಿನಾ?" ಅಂದಳು. ಅರ್ಧ ಉಪನ್ಯಾಸ ಅಲ್ಲೇ ಮುಗಿದಿತ್ತು. ಉಳಿದರ್ಧ ಹೇಳ್ತೀನಿ.

ಈ ಮಾತು ಎಲ್ಲಿ ಎದ್ದರೂ ಮೊದಲು ಬರುವ ಹೆಸರು ಮೈಕಲ್ ವಿಕ್. ಅಮೆರಿಕದ ಫುಟ್‌ಬಾಲ್ ಆಟಗಾರ. ಅದು ನಮ್ಮ ಕಾಲ್ಚೆಂಡಲ್ಲ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅವರ ಆಟ. 2001ರಲ್ಲಿ ಅಲ್ಲಿನ ತಂಡಗಳು ಹೊಸ ಹುಡುಗರನ್ನು ಆರಿಸಿಕೊಂಡಾಗ ಎಲ್ಲರಿಗಿಂತ ಮೊದಲು ಕೂಗಿದ ಹೆಸರು ಇವನದೇ. 2007ರ ಏಪ್ರಿಲ್‌ನಲ್ಲಿ ವರ್ಜೀನಿಯಾದಲ್ಲಿದ್ದ ಅವನ ಜಾಗವನ್ನು ಪೊಲೀಸರು ಶೋಧಿಸಿದರು. ಐವತ್ತಕ್ಕೂ ಹೆಚ್ಚು ಪಿಟ್‌ಬುಲ್ ನಾಯಿಗಳು ಸಿಕ್ಕವು. ಜೂಜಿನ ಕಾಳಗಕ್ಕೆ ಸಾಕಿದ್ದವು. ಮೊದಲು ತನಗೇನೂ ಗೊತ್ತಿಲ್ಲ ಅಂದ. ಆಗಸ್ಟ್‌ನಲ್ಲಿ ತಪ್ಪು ಒಪ್ಪಿಕೊಂಡ. ಸರಿಯಾಗಿ ಕಾದಾಡದ ಆರರಿಂದ ಎಂಟು ನಾಯಿಗಳನ್ನು ನೇಣು ಹಾಕಿ, ನೀರಲ್ಲಿ ಮುಳುಗಿಸಿ ಕೊಂದಿದ್ದರಲ್ಲಿ ತನ್ನ ಪಾಲೂ ಇತ್ತು ಅಂತ. ಡಿಸೆಂಬರ್‌ನಲ್ಲಿ 23 ತಿಂಗಳ ಶಿಕ್ಷೆಯಾಯಿತು.

2009ರಲ್ಲಿ ಹೊರಗೆ ಬಂದ. ಅದೇ ಆಗಸ್ಟ್‌ನಲ್ಲಿ ಫಿಲಡೆಲ್ಫಿಯಾ ತಂಡ ಕರೆದುಕೊಂಡಿತು. 2010ರಲ್ಲಿ, ಬಿದ್ದು ಎದ್ದು ಬಂದವರಿಗೆ ಅಂತಲೇ ಇರುವ ಪ್ರಶಸ್ತಿ. 2011ರಲ್ಲಿ ಆರು ವರ್ಷಕ್ಕೆ 10 ಕೋಟಿ ಡಾಲರ್‌ನ ಕರಾರು.

ನನಗೆ ಅವನಿಗಿಂತ ಆ ನಾಯಿಗಳ ಕಥೆಯೇ ಜಾಸ್ತಿ ಕಾಡಿತು. ಕಾಳಗದ ನಾಯಿಗಳು, ಇನ್ನು ಸರಿಹೋಗಲ್ಲ, ಸಾಯಿಸುವುದೇ ಮೇಲು ಅಂತ ದೊಡ್ಡ ದೊಡ್ಡ ಪ್ರಾಣಿದಯಾ ಸಂಘದವರೇ ಹೇಳಿದ್ದರು. ಕೋರ್ಟು ಆ ದಾರಿ ಹಿಡಿಯಲಿಲ್ಲ. ಒಂದೊಂದು ನಾಯಿಯನ್ನೂ ಬೇರೆ ಬೇರೆಯಾಗಿ ಪರೀಕ್ಷೆ ಮಾಡಿಸಿತು. ನಾಯಿಗಳ ಹಿತ ನೋಡಲು ಕಾನೂನು ಪ್ರಾಧ್ಯಾಪಕಿಯೊಬ್ಬರನ್ನು ನೇಮಿಸಿತು. ಆರೈಕೆಯ ಖರ್ಚಿಗೆ ವಿಕ್ ಕೈಯಿಂದ ಸುಮಾರು 9 ಲಕ್ಷ 28 ಸಾವಿರ ಡಾಲರ್ ಕಕ್ಕಿಸಿತು. 22 ನಾಯಿಗಳು ಯೂಟಾ ರಾಜ್ಯದ ಬೆಸ್ಟ್ ಫ್ರೆಂಡ್ಸ್ ಎಂಬ ಆಶ್ರಯಧಾಮಕ್ಕೆ ಹೋದವು. ಮನೆಗೆ ಹೋಗಬೇಕಾದರೆ ಎಷ್ಟೋ ನಾಯಿಗಳು ಮೊದಲು ಒಂದು ಪರೀಕ್ಷೆ ಪಾಸಾಗಬೇಕಿತ್ತು. ಗುರುತಿಲ್ಲದವರು ಮೈ ಸವರಿದರೆ ಸುಮ್ನಿರಬೇಕು. ಇನ್ನೊಂದು ನಾಯಿ ಎದುರಾದರೆ ಮೇಲೆ ಬೀಳಬಾರದು. ಕರೆದರೆ ಬರಬೇಕು. ನಮ್ಮಲ್ಲಿ ಎಷ್ಟು ಜನ ಪಾಸಾಗ್ತೀವೋ ಗೊತ್ತಿಲ್ಲ.

ಅವುಗಳಲ್ಲಿ ಲೂಕಸ್ ಅಂತ ಒಂದಿತ್ತು. ಕಾಳಗ ಗೆದ್ದು ಹೆಸರು ಮಾಡಿದ್ದ ನಾಯಿ. ಜನರನ್ನು ಕಂಡರೆ ಬಾಲ ಅಲ್ಲಾಡಿಸಿಕೊಂಡು ಬರುತ್ತಿತ್ತು. ಆದರೂ ಅದನ್ನು ಯಾರ ಮನೆಗೂ ಕೊಡಕೂಡದು ಅಂತ ಕೋರ್ಟಿನ ಆದೇಶ. 2013ರಲ್ಲಿ ಆಶ್ರಯಧಾಮದಲ್ಲೇ ಸತ್ತಿತು. ನೋಡಿ, ಗೆದ್ದಿದ್ದೇ ನಾಯಿಗೆ ಮುಳುವಾಯಿತು. ಅದರ ಯಜಮಾನನಿಗೆ ಪಂದ್ಯ ಗೆಲ್ಲಿಸುವ ತೋಳಿತ್ತು, ಬಾಗಿಲು ತೆರೆಯಿತು.

ಹಾಗಂತ ವಿಕ್ ಏನೂ ಮಾಡಲಿಲ್ಲ ಅನ್ನೋದು ತಪ್ಪು. ಜೈಲು ಅನುಭವಿಸಿದ. ಶಾಲೆಗಳಿಗೆ ಹೋಗಿ ಮಕ್ಕಳ ಮುಂದೆ ತನ್ನ ತಪ್ಪು ಹೇಳಿಕೊಂಡ. ನಾಯಿಕಾಳಗ ನೋಡಲು ಹೋದವರಿಗೂ ಶಿಕ್ಷೆಯಾಗಬೇಕು ಎಂಬ ಮಸೂದೆಯ ಪರ 2011ರಲ್ಲಿ ವಾಷಿಂಗ್ಟನ್‌ಗೆ ಹೋಗಿ ನಿಂತ. ಎಲ್ಲ ನಾಟಕ ಅನ್ನುವವರಿದ್ದಾರೆ. ಇರಲಿ ಬಿಡಿ. ಒಂದೇ ವೇಷವನ್ನು ವರ್ಷಗಟ್ಟಲೆ ಕಟ್ಟಿದರೆ ಸ್ವಲ್ಪವಾದರೂ ಮೈಗೆ ಹತ್ತುತ್ತೆ, ನಮ್ಮ ಯಕ್ಷಗಾನದವರನ್ನು ಕೇಳಿ.

ನನ್ನ ತಕರಾರು ಬೇರೆ. ಅದೇ ತಂಡದಲ್ಲಿ ಬೆಂಚು ಕಾಯುವ ಒಬ್ಬ ಹುಡುಗ ಇದೇ ತಪ್ಪು ಮಾಡಿದ್ದರೆ? ಜೈಲಿಂದ ಬಂದಾಗ ಯಾರು ಕಾದಿರುತ್ತಿದ್ದರು? ನಾವು ಎರಡನೇ ಅವಕಾಶ ಅಂತ ಕರೆಯುವುದನ್ನು ಬಹಳ ಸಲ ಕೊಡುವುದು ಮನುಷ್ಯನಿಗಲ್ಲ, ಅವನ ಕೈಚಳಕಕ್ಕೆ.

ಕುರ್ಟ್ ಜೂಮಾ ವಿಷಯ ನೋಡಿ. ಆಗ ಲಂಡನ್ನಿನ ವೆಸ್ಟ್ ಹ್ಯಾಮ್ ಕಾಲ್ಚೆಂಡು ತಂಡದ ಡಿಫೆಂಡರ್. 2022ರ ಫೆಬ್ರವರಿಯಲ್ಲಿ ಒಂದು ವಿಡಿಯೊ ಹೊರಬಂತು. ಅಡುಗೆಮನೆಯಲ್ಲಿ ತಾನೇ ಸಾಕಿದ ಬೆಕ್ಕನ್ನು ಚೆಂಡು ಒದ್ದ ಹಾಗೆ ಒದೆಯುತ್ತಾನೆ. ತಮ್ಮ ಚಿತ್ರೀಕರಿಸುತ್ತಿದ್ದಾನೆ. ಮರುದಿನವೇ ಪಂದ್ಯವಿತ್ತು. ಆಡಿಸಿದರು! ಚೆಂಡು ಮುಟ್ಟಿದಾಗಲೆಲ್ಲ ಜನ ಕೂಗಿ ಹೀಯಾಳಿಸಿದರು. ಆಮೇಲೆ ಎರಡು ವಾರದ ಸಂಬಳ ದಂಡ. ಜೂನ್‌ನಲ್ಲಿ ಕೋರ್ಟು 180 ಗಂಟೆ ಸಮಾಜಸೇವೆ ಮಾಡು ಅಂತು. ಐದು ವರ್ಷ ಬೆಕ್ಕು ಸಾಕುವ ಹಾಗಿಲ್ಲ ಅಂತು. 2023ರಲ್ಲಿ ಅದೇ ತಂಡ ಅವನನ್ನು ಕ್ಯಾಪ್ಟನ್ ಮಾಡಿತು. ಒಂದು ಬೆಕ್ಕನ್ನು ನಂಬಿ ಕೊಡುವ ಹಾಗಿಲ್ಲ, ಇಡೀ ತಂಡವನ್ನು ಕೊಡಬಹುದು. ನನಗೆ ಇದು ಇವತ್ತಿಗೂ ಅರ್ಥವಾಗಿಲ್ಲ.

ಆಡಲಿ, ನಾನು ಬೇಡ ಅನ್ನಲ್ಲ. ಅನ್ನದ ದಾರಿ ಮುಚ್ಚಬಾರದು. ಆದರೆ ತೋಳಿಗೆ ಕಟ್ಟುವ ಕ್ಯಾಪ್ಟನ್ ಪಟ್ಟಿ, ರಸ್ತೆ ಬದಿಯ ಫ್ಲೆಕ್ಸು, ಶಾಲೆಯ ವಾರ್ಷಿಕೋತ್ಸವದ ಮುಖ್ಯ ಅತಿಥಿ ಪಟ್ಟ, ಇವು ಅನ್ನವಲ್ಲ. ಮರ್ಯಾದೆ. ಇವನ್ನು ಕೊಡದಿದ್ದರೆ ಯಾರ ಮನೆಯ ಒಲೆಯೂ ಆರುವುದಿಲ್ಲ.

ಬ್ರಿಟನ್ನಿನ ಶಾರ್ಲೆಟ್ ಡುಜಾರ್ಡಿನ್ ಆರು ಒಲಿಂಪಿಕ್ ಪದಕ ಗೆದ್ದ ಕುದುರೆ ಸವಾರಿಣಿ. ತರಬೇತಿಯಲ್ಲಿ ಕುದುರೆಯ ಕಾಲಿಗೆ ಮತ್ತೆ ಮತ್ತೆ ಚಾಟಿ ಬೀಸಿದ ಹಳೆಯ ವಿಡಿಯೊ ಹೊರಬಂದಾಗ, 2024ರ ಪ್ಯಾರಿಸ್ ಒಲಿಂಪಿಕ್ಸ್ ಶುರುವಾಗಲು ಮೂರು ದಿನ ಇತ್ತು. ಹಿಂದೆ ಸರಿದರು. ಒಂದು ವರ್ಷ ನಿಷೇಧ, 10 ಸಾವಿರ ಸ್ವಿಸ್ ಫ್ರಾಂಕ್ ದಂಡ. ಅದು ಮುಗಿದ ಮೇಲೆ ಮತ್ತೆ ಸವಾರಿ. ಒಂದಾದರೂ ಲೆಕ್ಕ ಇಟ್ಟಿದ್ದಾರೆ ಅನ್ನಿ.

ನಮ್ಮಲ್ಲಿ? ಪ್ರಾಣಿ ಹಿಂಸೆ ತಡೆಯುವ ಕಾಯ್ದೆ ಬಂದಿದ್ದು 1960ರಲ್ಲಿ. ಅದರ 11ನೇ ಸೆಕ್ಷನ್ ಪ್ರಕಾರ ಪ್ರಾಣಿಯನ್ನು ಹೊಡೆದು ಬಡಿದರೆ ಮೊದಲ ಸಲಕ್ಕೆ ದಂಡ 10 ರೂಪಾಯಿಯಿಂದ 50 ರೂಪಾಯಿ. ಈ ರಸ್ತೆ ತುದಿಯ ದರ್ಶಿನಿಯಲ್ಲಿ ಅಷ್ಟಕ್ಕೆ ಮಸಾಲೆ ದೋಸೆ ಬರಲ್ಲ. ಕೊಂದರೆ, ಅಂಗ ಊನ ಮಾಡಿದರೆ, ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲಿ ಐದು ವರ್ಷದವರೆಗೆ ಜೈಲಿದೆ, ಸರಿ. ಆದರೆ ದಿನಾ ಬೀದಿಯಲ್ಲಿ ಬೀಳುವ ಒದೆಗೆ ಬೆಲೆ 50 ರೂಪಾಯಿ. ಎರಡನೇ ಅವಕಾಶದ ಮಾತು ನಮ್ಮಲ್ಲಿ ಏಳುವುದೇ ಇಲ್ಲ. ಮೊದಲನೆಯದನ್ನು ಯಾರೂ ಕಿತ್ತುಕೊಂಡಿರುವುದಿಲ್ಲ ಅಲ್ವಾ!

ಕಂಬಳದ ಬಗ್ಗೆ ಕೇಳಬೇಕು ಅಂತ ಹಿಂದಿನ ಸಾಲಿನಲ್ಲಿ ಒಬ್ಬರು ಆಗಲೇ ಕೈ ಎತ್ತಿದ್ದಾರೆ. 2014ರಲ್ಲಿ ಸುಪ್ರೀಂ ಕೋರ್ಟು ಜಲ್ಲಿಕಟ್ಟು, ಎತ್ತಿನಗಾಡಿ ಓಟ ನಿಲ್ಲಿಸಿತು, ಆ ತೀರ್ಪಿನಿಂದ ಕಂಬಳಕ್ಕೂ ತಡೆ ಬಿತ್ತು, ನಮ್ಮ ಸರ್ಕಾರ ತಿದ್ದುಪಡಿ ತಂದಿತು, 2023ರ ಮೇನಲ್ಲಿ ಅದೇ ಕೋರ್ಟು ತಿದ್ದುಪಡಿಯನ್ನು ಎತ್ತಿಹಿಡಿಯಿತು, ನವೆಂಬರ್‌ನಲ್ಲಿ ಅರಮನೆ ಮೈದಾನದಲ್ಲೇ ಕೋಣಗಳು ಓಡಿದವು. ಅದು ಒಂದು ಪದ್ಧತಿಯ ವಿಚಾರಣೆ, ಒಬ್ಬ ಮನುಷ್ಯನದಲ್ಲ. ಚಹಾ ಹೊತ್ತಿಗೆ ಜಗಳ ಆಡೋಣ.

ಈಗ ನನ್ನ ವಿಷಯ. ಸುಮಾರು ಇಪ್ಪತ್ತು ವರ್ಷದ ಹಿಂದೆ ನಮ್ಮ ಶಾಲೆ ಮೈದಾನದಲ್ಲಿ ಕೆಂಚಿ ಅಂತ ಒಂದು ಬೀದಿ ನಾಯಿ. ರಾತ್ರಿಯೆಲ್ಲ ಲಾಂಗ್ ಜಂಪ್ ಪಿಟ್‌ನ ಮರಳಲ್ಲಿ ಮಲಗುತ್ತಿತ್ತು. ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗ, ನೂರು ಮೀಟರ್ ಓಟದಲ್ಲಿ ಚಿಗರೆ. ಒಂದು ಬೆಳಗ್ಗೆ ಆರಕ್ಕೆ, ಅದು ಏಳಲಿಲ್ಲ ಅಂತ ಮೊಳೆಯ ಬೂಟು, ಸ್ಪೈಕ್ಸ್, ಹಾಕಿದ ಕಾಲಲ್ಲೇ ಒದ್ದ. ನಾನು ನೋಡಿದೆ. ನೋಡಿ, ಸ್ಟಾಪ್‌ವಾಚ್ ಕಡೆ ತಿರುಗಿದೆ. ಒಂಬತ್ತು ದಿನಕ್ಕೆ ಜಿಲ್ಲಾ ಮಟ್ಟದ ಕ್ರೀಡಾಕೂಟವಿತ್ತು. ಹುಡುಗ ಗೆದ್ದ. ಕಪ್ ಹಿಡಿದು ಬಂದಾಗ ನಮ್ಮ ಶಾಲೆಯ ಆಯಾ ಗೇಟಿನಲ್ಲಿ ನಿಂತಿದ್ದರು. "ಕಪ್ ಬಂತಲ್ಲ ಮೇಷ್ಟ್ರೇ, ಈಗಲಾದ್ರೂ ನಾಯಿ ಕಾಲು ನೋಡ್ತೀರಾ?"

ಗೋಣಿಚೀಲದಲ್ಲಿ ಸುತ್ತಿ, ಆಟೊದಲ್ಲಿ ಅವನ ತೊಡೆಯ ಮೇಲೇ ಕೂರಿಸಿ ಪಶು ಆಸ್ಪತ್ರೆಗೆ ಕರೆದೊಯ್ದೆವು. ತಡವಾಗಿತ್ತು. ಹಿಂಗಾಲು ಸೊಟ್ಟಗೇ ಕೂಡಿಕೊಂಡಿತು. ಹುಡುಗನನ್ನು ಓಟ ಬಿಡಿಸಲಿಲ್ಲ. ಶಾಲೆಯ ಕ್ರೀಡಾ ನಾಯಕ ಆಗಬೇಕಿದ್ದವನು, ಅದು ಮಾತ್ರ ಬೇಡ ಅಂದೆ. ಅತ್ತ. ನನ್ನನ್ನು ಯಾವುದರಿಂದಲೂ ಯಾರೂ ತೆಗೆಯಲಿಲ್ಲ.

ನಾನು ಹೇಳಿರಲಿಲ್ಲ, ಅವನೇ ದಿನಾ ಬೇಕರಿಯಿಂದ ಒಂದು ಬನ್ನು ತರಲು ಶುರು ಮಾಡಿದ. ಅವನು ಹತ್ತಿರ ಇದ್ದರೆ ಕೆಂಚಿ ಬರುತ್ತಿರಲಿಲ್ಲ. ಬನ್ನು ಪಿಟ್ ಅಂಚಿಗೆ ಇಟ್ಟು, ದೂರ ಹೋಗಿ ಓಟ ಶುರು ಮಾಡುವ ಬ್ಲಾಕ್ಸ್ ಮೇಲೆ ಕಾಲಿಟ್ಟು ಬಗ್ಗಿದ ಮೇಲೆ ಬಂದು ತಿನ್ನುತ್ತಿತ್ತು. ಒಂದೂವರೆ ವರ್ಷ ಹೀಗೇ ನಡೆಯಿತು. ಎಸ್ಸೆಸ್ಸೆಲ್ಸಿ ಮುಗಿದ ದಿನ ಅವನು ದೂರ ಹೋಗಲಿಲ್ಲ. ಅಂಚಿನಲ್ಲೇ ಕೂತ, ಬನ್ನು ಅಂಗೈ ಮೇಲಿಟ್ಟುಕೊಂಡು. ಕೆಂಚಿ ಇಪ್ಪತ್ತು ಹೆಜ್ಜೆ ಆಚೆ ನಿಂತಿತ್ತು. ಬಾಲ ಅಲ್ಲಾಡಿಸಲಿಲ್ಲ, ಬೊಗಳಲೂ ಇಲ್ಲ. ಅರ್ಧ ಗಂಟೆ ಆಗಿರಬೇಕು. ಹುಡುಗ ಬನ್ನು ಕೆಳಗಿಟ್ಟು, ಚೀಲ ಹೆಗಲಿಗೇರಿಸಿಕೊಂಡು ಹೊರಟ. ಅವನು ಗೇಟು ದಾಟುವವರೆಗೂ ನೋಡುತ್ತಾ ನಿಂತಿದ್ದ ಕೆಂಚಿ, ಆಮೇಲೆ ಕುಂಟುತ್ತಾ ಬಂದು ತಿಂದಿತು.