ಜಸ್ಟೀನಳ ಜೇಬಿನಲ್ಲಿ ಸಿಕ್ಕ ಚಿತ್ರ

ಕೇಳುಗರಿಗೆ ನಮಸ್ಕಾರ.

ಗಾಥಿಕ್ ಕಥೆ ಎಂದರೆ ಹಾಳು ಕೋಟೆ, ಗುಡುಗು, ಕಿಟಕಿಯಲ್ಲಿ ಇಣುಕುವ ಮುಖ. ನನಗೆ ಮಾತ್ರ ಒಂದು ಕೋರ್ಟು ನೆನಪಾಗುತ್ತದೆ.

ಮೇರಿ ಶೆಲ್ಲಿಯ ‘ಫ್ರಾಂಕೆನ್‌ಸ್ಟೈನ್’ ಕಾದಂಬರಿ 1818ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ವಿಕ್ಟರ್ ಎಂಬ ವಿದ್ಯಾರ್ಥಿ ಹೆಣಗಳ ಭಾಗಗಳನ್ನು ಜೋಡಿಸಿ ಜೀವ ಕೊಡುತ್ತಾನೆ. ಅದು ಕಣ್ಣು ಬಿಟ್ಟದ್ದೇ ತಡ, ಹೇಸಿ ಓಡಿಹೋಗುತ್ತಾನೆ. ಹೆಸರನ್ನೂ ಇಡುವುದಿಲ್ಲ. ನೋಡಿ, ನಾನೂ ‘ಅದು’ ಎಂದುಬಿಟ್ಟೆ. ಮಾತು ಕಲಿತು, ಓದು ಕಲಿತು, ಒಂಟಿತನಕ್ಕೆ ಅಳುವವನನ್ನು ಕನ್ನಡದಲ್ಲಿ ‘ಅವನು’ ಎನ್ನಬೇಕು. ನಾಲಗೆ ಹೊರಳುವುದಿಲ್ಲ. ರಾಕ್ಷಸನಾಗುವುದು ಬಹುಶಃ ಇಲ್ಲಿಂದಲೇ ಶುರು.

ಅವನು ಒಂದು ಬಡಮನೆಗೆ ಅಂಟಿದ ಗೂಡಿನಲ್ಲಿ ಅಡಗಿ, ಗೋಡೆಯ ಸಂದಿಯಿಂದ ನೋಡುತ್ತಲೇ ಮಾತು ಕಲಿಯುತ್ತಾನೆ. ರಾತ್ರಿ ಹೊತ್ತು ಆ ಮನೆಯವರಿಗೆ ಸೌದೆ ತಂದಿಡುತ್ತಾನೆ. ಕೊನೆಗೊಂದು ದಿನ ಒಳಗೆ ಹೋದಾಗ ಅಕ್ಕರೆಯಿಂದ ಮಾತಾಡಿಸುವವನು ಮನೆಯ ಕುರುಡ ಮುದುಕ. ಅಷ್ಟರಲ್ಲಿ ಮಗ ಬರುತ್ತಾನೆ, ನೋಡುತ್ತಾನೆ, ಕೋಲಿನಿಂದ ಬಡಿಯುತ್ತಾನೆ.

ಹಾಗೆಂದು ಅವನನ್ನು ಪಾಪದವನೆಂದು ಮುದ್ದಿಸುವ ಹಾಗಿಲ್ಲ. ವಿಕ್ಟರನ ಪುಟ್ಟ ತಮ್ಮನ ಕತ್ತು ಹಿಸುಕಿದವನು ಅವನೇ. ಮಗುವಿನ ಮೈಮೇಲಿದ್ದ ಪುಟ್ಟ ಭಾವಚಿತ್ರವನ್ನು, ನಿದ್ದೆಯಲ್ಲಿದ್ದ ಮನೆಗೆಲಸದ ಜಸ್ಟೀನಳ ಬಟ್ಟೆಯೊಳಗೆ ಸೇರಿಸಿದವನೂ ಅವನೇ. ಚಿತ್ರ ಅವಳ ಜೇಬಿನಲ್ಲಿ ಸಿಗುತ್ತದೆ. ಅವಳೇ ಕೊಲೆಗಾತಿ ಎಂದು ಜಿನೀವಾ ನಗರ ಆಗಲೇ ತೀರ್ಮಾನಿಸಿರುತ್ತದೆ. ಪಾದ್ರಿ ನರಕದ ಹೆದರಿಕೆ ಹಾಕಿ ಹಾಕಿ, ಮಾಡದ ಕೊಲೆಯನ್ನು ಒಪ್ಪಿಸುತ್ತಾನೆ. ಪಾದ್ರಿ ರಾಕ್ಷಸಿ ಎನ್ನುತ್ತ ಹೋದಂತೆ ನಾನು ಅದೇ ಇರಬೇಕೆಂದು ನನಗೂ ಅನಿಸತೊಡಗಿತ್ತು ಎನ್ನುತ್ತಾಳೆ ಆ ಹುಡುಗಿ. ಇಡೀ ಕಾದಂಬರಿಯಲ್ಲಿ ನನ್ನ ಮೈ ಜುಮ್ಮೆನ್ನಿಸುವುದು ಈ ಮಾತು, ಹೆಣದ ಹೊಲಿಗೆಯಲ್ಲ.

ಈಗ ಪಾದ್ರಿಯ ಕೆಲಸವನ್ನು ಪರದೆ ಮಾಡುತ್ತಿದೆ. ಒಂದು ಮುಖ, ಸುತ್ತ ಕೆಂಪು ವೃತ್ತ, ಕೆಳಗೆ ‘ರಾಕ್ಷಸ’. ವಿಚಾರಣೆ ಇನ್ನೂ ಶುರುವಾಗಿರುವುದಿಲ್ಲ. ಆರೋಪಿ ನಿಜಕ್ಕೂ ತಪ್ಪಿತಸ್ಥನೇ ಇರಬಹುದು. ಆದರೆ ಆ ಪದ ಬಿತ್ತೆಂದರೆ ಗೊತ್ತಿದ್ದೂ ಸುಮ್ಮನಿದ್ದವರು ಯಾರು ಎಂದು ಕೇಳುವವರಿಲ್ಲ. ಅವನು ನಮ್ಮ ಜಾತಿಯ ಪ್ರಾಣಿಯೇ ಅಲ್ಲವಲ್ಲ!

1961ರಲ್ಲಿ ಜೆರುಸಲೇಮಿನ ಕೋರ್ಟಿನಲ್ಲಿ ನಾಜಿ ಅಧಿಕಾರಿ ಐಕ್‌ಮನ್ ಗಾಜಿನ ಗೂಡಿನೊಳಗೆ ಕೂತಿದ್ದ. ಲಕ್ಷಾಂತರ ಯೆಹೂದಿಗಳನ್ನು ಸಾವಿನ ಶಿಬಿರಗಳಿಗೆ ಸಾಗಿಸುವ ವ್ಯವಸ್ಥೆ ನೋಡಿಕೊಂಡವನು. ಕಂಡದ್ದು ಕನ್ನಡಕ, ತೆಳ್ಳಗಿನ ಮುಖ, ಎದುರಿಗೆ ಕಾಗದದ ಕಟ್ಟು. ಕೇಡು ಇಷ್ಟು ಸಾಮಾನ್ಯವೇ ಎಂದು ಚಿಂತಕಿ ಹನ್ನಾ ಅರೆಂಟ್ ಬರೆದರು. ಅವನು ಬರೀ ಗುಮಾಸ್ತನಾಗಿರಲಿಲ್ಲ, ದ್ವೇಷ ತುಂಬಿಕೊಂಡವನೇ ಎಂದು ಆಮೇಲಿನ ಇತಿಹಾಸಕಾರರು ತೋರಿಸಿದ್ದಾರೆ. ನನಗೆ ಅದೂ ಸರಿಯೆನಿಸುತ್ತದೆ. ದ್ವೇಷಕ್ಕೆ ಕೋರೆಹಲ್ಲು ಬೇಕಿಲ್ಲ.

ಮತ್ತೆ ಜಿನೀವಾದ ಕೋರ್ಟಿಗೆ ಬರೋಣ. ಕೊಂದವನು ಯಾರೆಂದು ವಿಕ್ಟರನಿಗೆ ಗೊತ್ತು. ಹೇಳಿದರೆ ಹುಚ್ಚನೆಂದಾರು ಎಂದು ಬಾಯಿ ಬಿಡುವುದಿಲ್ಲ. ವಿಚಾರಣೆ ತಾಳಲಾರದೆ ಎದ್ದು ಓಡುತ್ತಾನೆ. ಮರುದಿನ ಬೆಳಿಗ್ಗೆ ಬರುತ್ತಾನೆ, ಗಂಟಲೊಣಗಿ ಏನಾಯಿತೆಂದು ಕೇಳಲೂ ಧೈರ್ಯವಿಲ್ಲ. ಅಲ್ಲಿನ ಅಧಿಕಾರಿಗೆ ಇವನ ಗುರುತಿದೆ, ಬಂದ ಕಾರಣವನ್ನು ಊಹಿಸಿ ತಾನಾಗಿಯೇ ತಿಳಿಸುತ್ತಾನೆ: ತೀರ್ಪಿಗೆ ಹಾಕಿದ ಮತಗಳೆಲ್ಲ ಕಪ್ಪು, ಅಂದರೆ ತಪ್ಪಿತಸ್ಥೆ; ಜಸ್ಟೀನಳಿಗೆ ಗಲ್ಲು.

ನಮಸ್ಕಾರ.