ಒಂದು ಅಕ್ಷರದ ಬಾಲ

ಕೇಳುಗರಿಗೆ ನಮಸ್ಕಾರ.

ಕೀರ್ತನೆ ಅಂದ ಕೂಡಲೇ ನಮಗೆ ಪುರಂದರದಾಸರು ನೆನಪಾಗುತ್ತಾರೆ. ಕನ್ನಡ ಬೈಬಲ್ಲಿನಲ್ಲೂ ಕೀರ್ತನೆಗಳು ಅಂತಲೇ ಒಂದು ಪುಸ್ತಕ ಇದೆ. ಒಟ್ಟು 150 ಹಾಡು, ಮೂಲ ಹೀಬ್ರೂ. ಇವುಗಳಲ್ಲಿ ಕೆಲವು ಯೇಸುವನ್ನೇ ಮುಂಚಿತವಾಗಿ ಹೇಳಿವೆ ಅಂತ ಕ್ರೈಸ್ತರು ನಂಬುತ್ತಾರೆ. ಯೆಹೂದ್ಯರೂ ಇದೇ ಹಾಡುಗಳನ್ನು ಹಾಡುತ್ತಾರೆ. ಅವರ ಪ್ರಕಾರ ಮೆಸ್ಸೀಯ, ಅಂದರೆ ದೇವರು ಕಳಿಸಬೇಕಾದ ರಾಜ, ಇನ್ನೂ ಬಂದಿಲ್ಲ.

ಮೊದಲು ಮೆಸ್ಸೀಯ ಅನ್ನುವ ಆ ಪದವನ್ನೇ ನೋಡೋಣ. ಅದರ ಮೂಲ, ಹೀಬ್ರೂವಿನ ‘ಮಾಶೀಅಖ್’, ಅಂದರೆ ಎಣ್ಣೆ ಹಚ್ಚಿಸಿಕೊಂಡವನು, ಅಷ್ಟೇ. ಬೇತ್ಲೆಹೇಮಿನಲ್ಲಿ ಕುರಿ ಕಾಯುತ್ತಿದ್ದ ಕಿರಿಮಗ ದಾವೀದನನ್ನು ಕರೆಸಿ, ಪ್ರವಾದಿ ಸಮುವೇಲ ಕೊಂಬಿನಲ್ಲಿ ತಂದ ಎಣ್ಣೆಯನ್ನು ತಲೆಗೆ ಸುರಿದ ಕಥೆ ಇದೆಯಲ್ಲ, ಅದೇ ಎಣ್ಣೆ. ಪಟ್ಟಕ್ಕೆ ಬಂದ ರಾಜ ‘ಮಾಶೀಅಖ್’. ಗ್ರೀಕ್ ಭಾಷೆಯಲ್ಲಿ ಇದನ್ನೇ ‘ಕ್ರಿಸ್ತೋಸ್’ ಅಂದರು. ಹಾಗಾಗಿ ಕ್ರಿಸ್ತ ಅನ್ನುವುದು ಮೊದಲಿಗೆ ಹೆಸರಲ್ಲ, ಬಿರುದು.

ಎರಡನೇ ಕೀರ್ತನೆ, 72ನೇ ಕೀರ್ತನೆ ಇಂಥ ರಾಜನ ಮೇಲಿನ ಹಾಡುಗಳು. ಸಮುದ್ರದಿಂದ ಸಮುದ್ರದವರೆಗೆ ಆಳಲಿ, ಬಡವರ ಕೂಗಿಗೆ ಕಿವಿಗೊಡಲಿ ಅನ್ನುತ್ತದೆ 72ನೆಯದು. ನಿಜ ಹೇಳಬೇಕೆಂದರೆ ಜೆರುಸಲೇಮಿನ ರಾಜರ ಕೈಯಲ್ಲಿದ್ದದ್ದು ಪುಟ್ಟ ಗುಡ್ಡಗಾಡು ನಾಡು. ಸ್ವಲ್ಪ ಹೊಗಳುಭಟರ ಮಾತೇ ಇದು, ಅಲ್ವಾ?

ಕ್ರಿ.ಪೂ. 586ರ ಸುಮಾರಿಗೆ ಬಾಬಿಲೋನಿನವರು ಜೆರುಸಲೇಮನ್ನು ಸುಟ್ಟರು. ದಾವೀದನ ವಂಶದ ಗದ್ದುಗೆ ಹೋಯಿತು. 89ನೇ ಕೀರ್ತನೆ ದೇವರನ್ನೇ ದಬಾಯಿಸಿ ಕೇಳುತ್ತದೆ: ನಿನ್ನ ವಂಶ ಸದಾ ಆಳುತ್ತದೆ ಅಂತ ದಾವೀದನಿಗೆ ಕೊಟ್ಟ ಮಾತು ಏನಾಯಿತು, ಅವನ ಕಿರೀಟವನ್ನು ಮಣ್ಣಿಗೆ ಎಸೆದುಬಿಟ್ಟೆಯಲ್ಲ? ಆದರೂ ಜನ ರಾಜನ ಹಾಡುಗಳನ್ನು ಬಿಸಾಡಲಿಲ್ಲ. ಹಾಡುತ್ತಲೇ ಇದ್ದರು. ಇದ್ದ ರಾಜನ ಮೇಲೆ ಕಟ್ಟಿದ ಮಾತು ಹೀಗೆ ನಿಧಾನವಾಗಿ ಬರಬೇಕಾದ ರಾಜನ ಮಾತಾಯಿತು. ನನ್ನ ಮಟ್ಟಿಗೆ ಈ ಹಾಡುಗಳು ಭವಿಷ್ಯವಾಣಿಯಾದದ್ದು ಇಲ್ಲೇ, ಖಾಲಿ ಗದ್ದುಗೆಯ ಮುಂದೆ.

22ನೇ ಕೀರ್ತನೆಯದು ಬೇರೆ ದಾರಿ. ಅದರಲ್ಲಿ ರಾಜನೂ ಇಲ್ಲ, ಎಣ್ಣೆಯೂ ಇಲ್ಲ. ‘ನನ್ನ ದೇವರೇ, ನನ್ನ ದೇವರೇ, ನನ್ನನ್ನು ಯಾಕೆ ಕೈಬಿಟ್ಟೆ’ ಅಂತ ಶುರುವಾಗುತ್ತದೆ. ಸುತ್ತ ನಿಂತವರು ಅಣಕಿಸುತ್ತಾರೆ, ಬಟ್ಟೆಗೆ ಚೀಟಿ ಹಾಕುತ್ತಾರೆ. ಯೇಸುವನ್ನು ಶಿಲುಬೆಗೆ ಏರಿಸಿದ ಕಥೆಯಲ್ಲೂ ಇದೇ ನಡೆಯುತ್ತದೆ, ಅದನ್ನು ಓದಿದವರಿಗೆ ಮೈ ಜುಂ ಅನ್ನುತ್ತದೆ. ಯೆಹೂದ್ಯರ ಹಳೆಯ ವ್ಯಾಖ್ಯಾನಗಳಲ್ಲಿ ಇದೇ ಹಾಡು ಪರ್ಷಿಯಾದ ರಾಣಿಯಾದ ಯೆಹೂದಿ ಹೆಣ್ಣು ಎಸ್ತೇರಳ ಬಾಯಿಗೆ ಬರುತ್ತದೆ.

ಇದರ ಒಂದು ಸಾಲಿನ ಮೇಲೆ ಜಗಳವೋ ಜಗಳ. ನನ್ನ ಕೈಕಾಲುಗಳನ್ನು ಚುಚ್ಚಿದರು ಅಂತ ಕ್ರೈಸ್ತರ ಬೈಬಲ್ಲುಗಳು ಹೇಳುತ್ತವೆ. 1008ರ ಸುಮಾರಿಗೆ ಬರೆದ ಹೆಸರಾಂತ ಹೀಬ್ರೂ ಪ್ರತಿಯಲ್ಲಿ ಇರುವುದು ‘ಕಾಅರಿ’. ಅಂದರೆ ಸಿಂಹದ ಹಾಗೆ. ‘ಸಿಂಹದ ಹಾಗೆ, ನನ್ನ ಕೈ, ನನ್ನ ಕಾಲು’. ಕ್ರಿಯಾಪದವೇ ಇಲ್ಲ! ಈ ಪದದ ಕೊನೆಯ ಅಕ್ಷರ ‘ಯೋದ್’, ಒಂದು ಗಿಡ್ಡ ಗೆರೆ. ಅದರ ಬಾಲ ಸ್ವಲ್ಪ ಕೆಳಗಿಳಿದರೆ ‘ವಾವ್’ ಆಗುತ್ತದೆ, ಪದ ‘ಕಾಅರು’ ಆಗುತ್ತದೆ, ಕ್ರಿಯಾಪದದ ಹಾಗೆ ಕಾಣುತ್ತದೆ. ಅವಸರದ ಕೈಬರಹದಲ್ಲಿ ವ ಯಾವುದು, ಪ ಯಾವುದು ಅಂತ ನಾವು ತಿಣುಕುತ್ತೇವಲ್ಲ, ಹಾಗೆ. ಮೃತ ಸಮುದ್ರದ ಹತ್ತಿರ ನಹಲ್ ಹೆವೆರ್ ಎಂಬಲ್ಲಿ ಸಿಕ್ಕ ಹಳೆಯ ತುಣುಕಿನಲ್ಲಿ ವಾವ್ ಕಾಣುತ್ತದೆ. ಕ್ರಿಸ್ತನಿಗಿಂತ ಮುಂಚಿನ ಗ್ರೀಕ್ ಅನುವಾದ ‘ಅಗೆದರು’ ಅನ್ನುತ್ತದೆ. ಹಾಗಂತ ಕೇಸು ಮುಗಿಯಲಿಲ್ಲ. ‘ಕಾಅರು’ ಅನ್ನುವ ಪದಕ್ಕೂ ಹೀಬ್ರೂವಿನಲ್ಲಿ ಸಲೀಸಾದ ಅರ್ಥ ಸಿಗುವುದಿಲ್ಲ.

ಇನ್ನೊಂದು ಸೋಜಿಗ. ಈ ಹಾಡಿನಿಂದ ಸಾಲು ಸಾಲಾಗಿ ಎತ್ತಿಕೊಂಡ ಹೊಸ ಒಡಂಬಡಿಕೆಯವರು, ಅಂದರೆ ಬೈಬಲ್ಲಿನಲ್ಲಿ ಯೇಸುವಿನ ಕಥೆ ಬರೆದವರು, ಕೈಕಾಲಿನ ಸಾಲನ್ನು ಮಾತ್ರ ಎಲ್ಲೂ ಉದ್ಧರಿಸಿಲ್ಲ. ಅವರಿಗೆ ಮುಖ್ಯವಾಗಿದ್ದದ್ದು ಆ ಮೊದಲ ಕೂಗು. ಶಿಲುಬೆಯ ಮೇಲೆ ಯೇಸು ಅದನ್ನು ಕೂಗಿದಾಗ, ಹತ್ತಿರ ನಿಂತವರಿಗೇ ಅದು ಸರಿಯಾಗಿ ಕೇಳಿಸಲಿಲ್ಲವಂತೆ. ‘ಏಲೀ, ಏಲೀ’, ಅಂದರೆ ನನ್ನ ದೇವರೇ, ನನ್ನ ದೇವರೇ, ಅಂದದ್ದನ್ನು ಕೇಳಿ, ಇವನು ಪ್ರವಾದಿ ಎಲೀಯನನ್ನು ಕರೆಯುತ್ತಿದ್ದಾನೆ, ಅವನು ಬರುತ್ತಾನೋ ನೋಡೋಣ ಅಂತ ಕಾದು ನಿಂತರು.